ದಂಪತಿ ಪ್ಯಾಕೇಜ್

ಯತಿರಾಜನ ದೇಹಕ್ಕೆ ಈಗ ನಲವತ್ತೊಂದೇ ವರ್ಷ ಎಂಬ ಸುದ್ದಿ ಮುದ್ದುಕೃಷ್ಣನ ಕಿವಿಗೆ ಬಿದ್ದದ್ದು ದೋಹಾದ ಕನ್ನಡ ಬಳಗದ ಶುಕ್ರವಾರದ ಉಪಾಹಾರ ಕೂಟದಲ್ಲಿ, ಎರಡನೆಯ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದ ಹೊತ್ತಿಗೆ. ಇಬ್ಬರೂ ಮೈಸೂರಿನ ಒಂದೇ ಹೈಸ್ಕೂಲಿನ ಒಂದೇ ಬೆಂಚಿನವರು, ಹುಟ್ಟಿದ್ದು ಒಂದೇ ವರ್ಷ. ಇಬ್ಬರಿಗೂ ನ್ಯಾಯವಾಗಿ ಐವತ್ತಮೂರು ನಡೆಯುತ್ತಿತ್ತು. ಹೀಗಿರುವಾಗ ಒಬ್ಬ ಮಾತ್ರ ಹೇಳದೆ ಕೇಳದೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಿಬಿಟ್ಟರೆ ಇನ್ನೊಬ್ಬನಿಗೆ ಇಡ್ಲಿ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಯತಿರಾಜ ಬಳಗದ ಅಧ್ಯಕ್ಷ. ಅವನು ಅಂಗಿಯ ತೋಳು ಮಡಿಸಿ ಮಣಿಕಟ್ಟಿನ ಕರಿ ಪಟ್ಟಿಯನ್ನು ಎಲ್ಲರಿಗೂ ತೋರಿಸಿದ. ವೆಸ್ಟ್ ಬೇಯಲ್ಲಿ ಹೊಸದಾಗಿ ದೀರ್ಘಾಯುಷ್ಯದ ಕ್ಲಿನಿಕ್ ಬಂದಿದೆಯಂತೆ, ರಕ್ತ ಪರೀಕ್ಷಿಸಿ ದೇಹದ ನಿಜವಾದ ವಯಸ್ಸು ಹೇಳುತ್ತಾರಂತೆ. ಅಲ್ಲಿ ಕಾಯಿಲೆಯವರಿಗೆ ಪ್ರವೇಶವೇ ಇಲ್ಲವಂತೆ. ಕಾಯಿಲೆ ಬರುವ ಮೊದಲೇ ಅದನ್ನು ದಾರಿಯಲ್ಲಿ ತಡೆದು ವಾಪಸು ಕಳಿಸುವುದೇ ಅವರ ಕೆಲಸ. ಈ ಪಟ್ಟಿ ನಾಡಿ, ನಿದ್ರೆ, ನಡಿಗೆ ಎಲ್ಲವನ್ನೂ ಹಗಲಿರುಳು ಅಳೆದು ಡಾಕ್ಟರಿಗೆ ವರದಿ ಒಪ್ಪಿಸುತ್ತದೆ. ಇಷ್ಟು ವಿವರಿಸಿ ಅವನು ಮುದ್ದುಕೃಷ್ಣನನ್ನು ಮೇಲಿಂದ ಕೆಳಕ್ಕೆ ನೋಡಿ, "ನೀನೂ ಒಂದ್ಸಲ ತೋರಿಸ್ಕೊಂಡ್ಬಿಡೋ. ಏನಿದೆಯೋ ಏನೋ," ಎಂದ. ಆ 'ಏನೋ' ಎಂಬುದನ್ನು ಅವನು ಎಳೆದ ರೀತಿಗೇ ಮುದ್ದುಕೃಷ್ಣನ ಎಡಭುಜದಲ್ಲಿ ಒಂದು ನೋವು ಹುಟ್ಟಿಕೊಂಡಿತು.

ಮುದ್ದುಕೃಷ್ಣ ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಯಾವ ನಕ್ಷೆ ಯಾವ ಕಡತಕ್ಕೆ ಸೇರಬೇಕು, ಯಾವ ಕಾಗದಕ್ಕೆ ಯಾವ ಸೀಲು ಬೀಳಬೇಕು ಎಂದು ನೋಡಿಕೊಳ್ಳುವ ಉದ್ಯೋಗ. ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಹೆಂಡತಿ ಭಾನುಮತಿಯೊಡನೆ ವಾಸ. ಮಗಳು ಅಮೂಲ್ಯಾ ಮಣಿಪಾಲದಲ್ಲಿ ಓದುತ್ತಿದ್ದಳು. ಮುಂದಿನ ವಾರವೇ ಗಂಡಹೆಂಡತಿ ವೆಸ್ಟ್ ಬೇಗೆ ಹೋದರು. ಒಬ್ಬರಿಗೆ ಮಾಡಿಸುವುದಕ್ಕಿಂತ ಇಬ್ಬರಿಗೆ ಒಟ್ಟಿಗೆ ಮಾಡಿಸುವುದು ಲಾಭವೆಂದು ರಿಸೆಪ್ಶನ್ನಿನ ಹುಡುಗಿ ಹೇಳಿದ್ದರಿಂದ ಮುದ್ದುಕೃಷ್ಣ 'ದಂಪತಿ ಪ್ಯಾಕೇಜ್' ತೆಗೆದುಕೊಂಡ. ಆದರೆ ಭಾನುಮತಿಯ ರಕ್ತ ಪರೀಕ್ಷೆ ಅಂದು ಆಗಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಕಿತ್ತು. ಅವಳು ಬೆಳಿಗ್ಗೆ ಎದ್ದವಳೇ ಮರೆತು ಕಾಫಿ ಕುಡಿದಿದ್ದಳು. ಇನ್ನೊಂದು ದಿನ ಬಂದರಾಯಿತೆಂದುಕೊಂಡರು. ಆ ಇನ್ನೊಂದು ದಿನ ಬರಲೇ ಇಲ್ಲ.

ಕ್ಲಿನಿಕ್ಕಿನ ಡಾಕ್ಟರ್ ಅನಿಶಾ ಕಾರ್ಕಳದ ಕಡೆಯವರು, ಸಮಾಧಾನದ ಹೆಂಗಸು. ಮುದ್ದುಕೃಷ್ಣನ ದೇಹದ ವಯಸ್ಸು ಐವತ್ತೈದು ಬಂದಿದೆ, ಹೆದರುವಂಥದ್ದೇನೂ ಇಲ್ಲ, ನೋಡಿಕೊಂಡು ಹೋಗೋಣ ಎಂದರು. ಹೆದರುವಂಥದ್ದು ಇಲ್ಲದಿದ್ದರೆ ಇಲ್ಲವೆಂದು ಯಾಕೆ ಹೇಳಿದರು ಎಂದು ಯೋಚಿಸುತ್ತಲೇ ಅವನು ಎರಡು ಕರಿ ಪಟ್ಟಿಗಳ ಪೆಟ್ಟಿಗೆಯನ್ನು ಮನೆಗೆ ತಂದ.

ಪಟ್ಟಿಗಳನ್ನು ಫೋನಿಗೆ ಜೋಡಿಸುವ ಕೆಲಸವನ್ನು ಅವನು ಯಾರಿಗೂ ಬಿಡಲಿಲ್ಲ. ದಾಖಲೆಯ ಕೆಲಸ ಅವನದೇ ವಿದ್ಯೆಯಲ್ಲವೇ? ಊಟದ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ಒರೆಸಿ, ಒಂದನ್ನು ತನ್ನ ಫೋನಿಗೂ ಇನ್ನೊಂದನ್ನು ಭಾನುಮತಿಯ ಫೋನಿಗೂ ಸೇರಿಸಿದ. ಅಷ್ಟರಲ್ಲಿ ಯತಿರಾಜನ ಕರೆ ಬಂತು. ಎಷ್ಟು ಬಂತು ನಿನ್ನ ವಯಸ್ಸು ಎಂದು ಅವನು ಕೇಳಿದ, ಇನ್ನೂ ಬಂದಿಲ್ಲವೆಂದು ಇವನು ಸುಳ್ಳು ಹೇಳಿದ. ಆ ಸುಳ್ಳಿನ ಗಡಿಬಿಡಿಯಲ್ಲಿ ಎದ್ದು ಓಡಾಡಿ, ಮತ್ತೆ ಬಂದು ಕೂತು, ಹೆಂಡತಿಯ ಪಟ್ಟಿಯನ್ನು ತಾನು ಕಟ್ಟಿಕೊಂಡು ತನ್ನದನ್ನು ಅವಳ ಕೈಗೆ ಕಟ್ಟಿದ. ಇದು ಅವನಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಓದುವವರಿಗೆ ಮಾತ್ರ ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಎಲ್ಲ ಅನಾಹುತಕ್ಕೂ ಇದೇ ಮೂಲ. ಅಂದಿನಿಂದ ಭಾನುಮತಿಯ ಎದೆ ಬಡಿದದ್ದೆಲ್ಲ ಮುದ್ದುಕೃಷ್ಣನ ಹೆಸರಿನಲ್ಲಿ ಡಾಕ್ಟರಿಗೆ ತಲುಪತೊಡಗಿತು.

ಮೊದಲ ವಾರದ ವರದಿ ನೋಡಿ ಮುದ್ದುಕೃಷ್ಣ ಉಬ್ಬಿಹೋದ. ಅವನು ದಿನವಿಡೀ ಮೈಲಿಗಟ್ಟಲೆ ನಡೆಯುತ್ತಿದ್ದನಂತೆ. ಆಫೀಸಿನಲ್ಲಿ ಕುರ್ಚಿಯಿಂದ ಪ್ರಿಂಟರಿಗೆ, ಪ್ರಿಂಟರಿನಿಂದ ಕುರ್ಚಿಗೆ ಹೋಗುವುದೇ ಇಷ್ಟಾಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಕೆಳಗೆ ನೋಡಿದರೆ ಇನ್ನೊಂದು ವಿಷಯವಿತ್ತು. ಅವನು ಬೆಳಗಿನ ಜಾವವೇ ಎದ್ದು ಓಡಾಡುತ್ತಿದ್ದನಂತೆ. ಅವನಿಗೆ ತಿಳಿದಂತೆ ಅವನು ಏಳುತ್ತಿದ್ದದ್ದು ಏಳು ಗಂಟೆಗೆ, ಅದೂ ಭಾನುಮತಿ ಮೂರು ಸಲ ಕರೆದ ಮೇಲೆ. ಹಾಗಾದರೆ ತಾನು ನಿದ್ರೆಯಲ್ಲೇ ನಡೆಯುತ್ತಿದ್ದೇನೆ ಎಂದು ಅವನು ತೀರ್ಮಾನಿಸಿದ. ಹೆಂಡತಿಯನ್ನು ಕೇಳಿದ್ದಕ್ಕೆ ಅವಳು, ಮಲಗಿದರೆ ಮಗ್ಗುಲು ಕೂಡ ಬದಲಿಸುವುದಿಲ್ಲ ನೀವು ಎಂದಳು. ತನಗೆ ಹೆದರಿಕೆಯಾಗಬಾರದೆಂದು ಮುಚ್ಚಿಡುತ್ತಿದ್ದಾಳೆ, ಪಾಪ ಎಂದುಕೊಂಡ. ಅಂದಿನಿಂದ ಮಲಗುವ ಮೊದಲು ಬಾಗಿಲಿಗೆ ಎರಡು ಬೀಗ ಹಾಕತೊಡಗಿದ.

ಭಾನುಮತಿಯ ವರದಿಯನ್ನೂ ಅವನೇ ಓದಿ ಹೇಳಿದ. ನಿದ್ರೆ ಉತ್ತಮ, ಹೃದಯ ಉತ್ತಮ, ಮನಸ್ಸು ಶಾಂತ. ಆದರೆ ಓಡಾಟ ಏನೇನೂ ಸಾಲದು.

"ನೋಡು ಭಾನು, ದಿನವಿಡೀ ಕೂತೇ ಇರ್ತೀಯಂತೆ. ಹೀಗಾದ್ರೆ ಹೇಗೆ?"

ಭಾನುಮತಿ ಒಂದು ಕೈಯಲ್ಲಿ ನೆಲ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. "ಎಲ್ಲಿ ಕೂತಿದ್ದೆ ಅಂತ ಅದನ್ನೇ ಕೇಳಿ ಹೇಳಿ. ನಾನೂ ಹೋಗಿ ಆ ಜಾಗ ನೋಡ್ಕೊಂಡು ಬರ್ತೀನಿ," ಎಂದಳು.

ಆದರೂ ಡಾಕ್ಟರ ಮಾತು ಡಾಕ್ಟರ ಮಾತೇ. ಮುದ್ದುಕೃಷ್ಣನ ಒತ್ತಾಯಕ್ಕೆ ಅವಳು ಸಂಜೆ ಪಾರ್ಕಿನ ಸುತ್ತ ನಡೆಯತೊಡಗಿದಳು. ಕಟ್ಟಡದ ಲಿಫ್ಟು ಬೇಸಿಗೆಯ ಆರಂಭದಲ್ಲೇ ಕೆಟ್ಟು ಕೂತಿತ್ತು. ನಡೆದು ಬಂದವಳು ಮೂರು ಮಹಡಿ ಹತ್ತಿ ಮೇಲೆ ಬಂದು, ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತು, ಆಮೇಲೆ ಒಲೆ ಹಚ್ಚುತ್ತಿದ್ದಳು.

ಮೂರನೆಯ ವಾರ ಡಾಕ್ಟರ್ ಅನಿಶಾ ತಾವಾಗಿಯೇ ಫೋನ್ ಮಾಡಿದರು. ಮುದ್ದುಕೃಷ್ಣನ ನಾಡಿ ಆಗಾಗ ತಾಳ ತಪ್ಪುತ್ತಿದೆ, ಒಮ್ಮೆ ಬಂದು ಇಸಿಜಿ ಮಾಡಿಸಿ ಎಂದರು. ಆ ಫೋನ್ ಕೆಳಗಿಟ್ಟ ಮೇಲೆ ಅವನಿಗೆ ಒಂದು ಲೋಟ ನೀರು ಕುಡಿಯಲೂ ಧೈರ್ಯ ಸಾಲಲಿಲ್ಲ. ಇಸಿಜಿ ಮಾಡಿಸಿದರೆ ಗೆರೆ ಚೊಕ್ಕವಾಗಿ ಬಂತು. ಇದಕ್ಕೆ ಹಿಗ್ಗಬೇಡಿ, ಈ ತೊಂದರೆ ಬಂದು ಹೋಗುವಂಥದ್ದು, ಅದು ಬಂದ ಹೊತ್ತಿನಲ್ಲೇ ಹಿಡಿಯಬೇಕು, ಎದೆಗೆ ಒಂದು ಯಂತ್ರ ಅಂಟಿಸಿ ನಾಲ್ಕಾರು ದಿನ ಬಿಡೋಣ ಎಂದು ಡಾಕ್ಟರು ಹೇಳಿದರು. ಮುದ್ದುಕೃಷ್ಣನಿಗೆ ಎದೆಗೆ ಅಂಟಿಸಿದ ಯಂತ್ರ ಏನನ್ನು ಪತ್ತೆ ಹಚ್ಚಿಬಿಡುತ್ತದೋ ಎಂಬ ಭಯ ಹತ್ತಿತು. ಆಫೀಸಿನಲ್ಲಿ ಆಡಿಟ್ ಇದೆ, ಮುಗಿದ ಮೇಲೆ ಬರುತ್ತೇನೆ ಎಂದು ಸುಳ್ಳು ಹೇಳಿದ. ಹಾಗಾದರೆ ಅಲ್ಲಿಯವರೆಗೆ ಕಾಫಿ ಬಿಡಿ, ಮೆಟ್ಟಿಲು ಬೇಡ, ಭಾರ ಎತ್ತಬೇಡಿ, ಪೂರ್ಣ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು.

ಮುದ್ದುಕೃಷ್ಣ ರಜೆ ಹಾಕಿ ಹಾಲಿನ ಸೋಫಾದ ಮೇಲೆ ಮಲಗಿದ. ಮಲಗಿದವನಿಗೆ ಹೊತ್ತುಹೊತ್ತಿಗೆ ಗಂಜಿ, ರಾಗಿ ಅಂಬಲಿ, ಉಪ್ಪಿಲ್ಲದ ಸಾರು ಬೇಕಾಯಿತು. ನೀರಿನ ಕ್ಯಾನನ್ನು ಕೂಲರಿನ ಮೇಲಕ್ಕೆ ಎತ್ತಿಡುವುದು ಇಷ್ಟು ದಿನ ಅವನ ಕೆಲಸವಾಗಿತ್ತು, ಅದೂ ಭಾನುಮತಿಗೆ ಬಿತ್ತು. ಸಂಜೆ ಫೋನ್ ತೆರೆದರೆ ಅವನ ನಾಡಿ ನಿನ್ನೆಗಿಂತ ಕೆಟ್ಟಿತ್ತು. ಆದ್ದರಿಂದ ಮರುದಿನ ಇನ್ನೂ ಹೆಚ್ಚು ವಿಶ್ರಾಂತಿ ತೆಗೆದುಕೊಂಡ. ಕೈ ಚಾಚಿದರೆ ಸಿಗುವ ಟಿವಿ ರಿಮೋಟನ್ನೂ ಹೆಂಡತಿಯನ್ನು ಕರೆದು ಕೇಳಿದ. ನಾಡಿ ಮತ್ತೂ ಕೆಟ್ಟಿತು. ಇಷ್ಟೊಂದು ಶ್ರದ್ಧೆಯಿಂದ ಮಲಗಿಯೂ ಗುಣ ಕಾಣದ ರೋಗಿ ವೈದ್ಯಶಾಸ್ತ್ರದಲ್ಲಿ ಇನ್ನೊಬ್ಬನಿರಲಾರ ಎಂದು ಅವನಿಗೆ ಅಳುವೇ ಬಂತು.

ಸುದ್ದಿ ಹಬ್ಬಿತು. ನಂಜನಗೂಡಿನಲ್ಲಿದ್ದ ಅಕ್ಕ ಅವನ ಹೆಸರಿನಲ್ಲಿ ಮೃತ್ಯುಂಜಯ ಜಪಕ್ಕೆ ಪುರೋಹಿತರನ್ನು ಕೂರಿಸಿದಳು. ಆಫೀಸಿನ ಮ್ಯಾನೇಜರು ಕಡಕ್ ಚಹಾ ಹಿಡಿದುಕೊಂಡು ಬಂದು, ಆರೋಗ್ಯ ವಿಚಾರಿಸಿ, ಕಂಪ್ಯೂಟರಿನ ಪಾಸ್‌ವರ್ಡುಗಳನ್ನೆಲ್ಲ ಕೇಳಿ ಬರೆದುಕೊಂಡು ಹೋದ. ಬಳಗದವರು ಗುಂಪುಗುಂಪಾಗಿ ಬಂದರು. ಬಂದವರಿಗೆಲ್ಲ ಕಾಫಿ ಆಗಬೇಕು, ಊಟದ ಹೊತ್ತಿಗೆ ಬಂದವರಿಗೆ ಊಟ ಆಗಬೇಕು. ನವೆಂಬರಿನ ರಾಜ್ಯೋತ್ಸವದಲ್ಲಿ ಮುದ್ದುಕೃಷ್ಣನಿಗೆ ಸನ್ಮಾನ ಮಾಡುವುದೆಂದು ಮೊದಲೇ ಗೊತ್ತಾಗಿತ್ತು. ಅದನ್ನು ಮುಂದಿನ ಶುಕ್ರವಾರವೇ ಮನೆಗೆ ಬಂದು ಮಾಡಿ ಮುಗಿಸುತ್ತೇವೆ ಎಂದು ಯತಿರಾಜ ತಿಳಿಸಿದ. ನವೆಂಬರಿಗೆ ಇನ್ನೂ ಐದು ತಿಂಗಳಿದೆಯಲ್ಲ ಎಂದು ಮುದ್ದುಕೃಷ್ಣ ಕ್ಷೀಣವಾಗಿ ಕೇಳಿದ.

"ಸಮಿತೀಲಿ ಎಲ್ರೂ ಅದನ್ನೇ ಯೋಚ್ನೆ ಮಾಡಿದ್ದು ಕಣೋ," ಎಂದ ಯತಿರಾಜ.

ಎದುರು ಮನೆಯಲ್ಲಿ ಸುಲೈಮಾನ್, ಫಾಹಿಮಾ ದಂಪತಿ ಇದ್ದರು. ಉಳ್ಳಾಲದವರು, ಇಂಡಸ್ಟ್ರಿಯಲ್ ಏರಿಯಾದಲ್ಲಿ ಸುಲೈಮಾನನ ವಾಹನ ಬಿಡಿಭಾಗಗಳ ಅಂಗಡಿ. ಫಾಹಿಮಾ ಒಂದು ಮಧ್ಯಾಹ್ನ ಸೋಫಾದ ಎದುರು ಬಂದು ನಿಂತಳು. ಭಾನಕ್ಕ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ತರಕಾರಿ ಚೀಲ ಇಟ್ಟುಕೊಂಡು ಕೂತದ್ದನ್ನು ಅವಳು ನೋಡಿದ್ದಳು. ಕೈ ನಡುಗುತ್ತಿತ್ತು, ಕುತ್ತಿಗೆಯೆಲ್ಲ ಬೆವತಿತ್ತು. ಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದಾರೆ ಎಂದೂ ಹೇಳಿದಳು.

"ನಿಮಗೆ ಹುಷಾರಿಲ್ಲ ಅಂತ ನನಗೆ ಗೊತ್ತುಂಟು ಅಣ್ಣ. ಆದ್ರೆ ಅವರನ್ನೂ ಒಮ್ಮೆ ಡಾಕ್ಟ್ರಿಗೆ ತೋರಿಸಿ."

ಮುದ್ದುಕೃಷ್ಣ ಫೋನ್ ತೆಗೆದು ಭಾನುಮತಿಯ ವರದಿ ತೋರಿಸಿದ. ಹೃದಯ ಉತ್ತಮ, ನಿದ್ರೆ ಉತ್ತಮ. ಅವಳಿಗೇನಮ್ಮ, ಕಲ್ಲುಗುಂಡು, ಎಂದ. ಫಾಹಿಮಾ ಪರದೆಯನ್ನೂ ನೋಡಿದಳು, ಅಡುಗೆಮನೆಯ ಕಡೆಗೂ ನೋಡಿದಳು. ಅಷ್ಟು ದೊಡ್ಡ ಕ್ಲಿನಿಕ್ಕಿನ ವರದಿಗೆ ಎದುರಾಡಲಾರದೆ ತನ್ನ ಮನೆಗೆ ವಾಪಸು ಹೋದಳು.

ಸನ್ಮಾನದ ಶುಕ್ರವಾರ ಬಂತು. ಭಾನುಮತಿ ಬೆಳಿಗ್ಗೆಯಿಂದ ಅಡುಗೆಮನೆಯಲ್ಲೇ ಇದ್ದಳು. ಬಿಸಿಬೇಳೆ ಬಾತು ಆಗಿತ್ತು, ಅಂಬೊಡೆ ಎಣ್ಣೆಯಲ್ಲಿತ್ತು. ಮುದ್ದುಕೃಷ್ಣ ಲುಂಗಿ ಬನಿಯನ್ನಿನ ಮೇಲೆ ಶಾಲು ಹೊದ್ದು, ಜನ ತಂದುಕೊಟ್ಟ ಸೇಬು ಮೋಸಂಬಿಗಳ ನಡುವೆ ಮಲಗಿ, ಸನ್ಮಾನಕ್ಕೆ ಉತ್ತರವಾಗಿ ಆಡಬೇಕಾದ ನಾಲ್ಕು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ. ಎಷ್ಟು ಜೋಡಿಸಿದರೂ ಅವು ಕೊನೆಯ ಮಾತುಗಳಂತೆ ಕೇಳುತ್ತಿದ್ದವು. ಆಗ ಡಾಕ್ಟರ್ ಅನಿಶಾ ವಿಡಿಯೊ ಕರೆಯಲ್ಲಿ ಬಂದರು. ಶುಕ್ರವಾರ, ಊರಿಗೇ ವಾರದ ರಜೆಯ ದಿನ, ಡಾಕ್ಟರು ಕರೆ ಮಾಡಿದ್ದಾರೆ ಎಂಬುದಕ್ಕೇ ಅವನು ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡ.

"ಮುದ್ದುಕೃಷ್ಣ ಅವರೇ, ನೀವು ಈಗ ಏನು ಮಾಡ್ತಾ ಇದ್ದೀರಿ?"

"ಮಲಗಿದ್ದೀನಿ ಡಾಕ್ಟ್ರೇ."

"ಮಲಗಿದವರ ಪಲ್ಸ್ ಇದಲ್ಲ. ನೂರೈವತ್ತರ ಮೇಲೆ ಉಂಟು, ಅದೂ ಹೇಗೆ ಬೇಕಾದ್ರೆ ಹಾಗೆ ಹೊಡೀತಾ ಉಂಟು. ನೀವು ನಿಜವಾಗಿ ಮಲಗಿದ್ದೀರಾ?"

ಅವನು ಫೋನನ್ನು ದೂರ ಹಿಡಿದು ತಲೆಯಿಂದ ಕಾಲಿನವರೆಗೆ ತನ್ನನ್ನು ತೋರಿಸಿದ. ಮಲಗಿರುವುದರಲ್ಲಿ ಯಾವ ಸಂಶಯಕ್ಕೂ ಎಡೆಯಿರಲಿಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿ ತಮ್ಮ ಪರದೆಯನ್ನೂ ಅವನನ್ನೂ ಬದಲಿಸಿ ಬದಲಿಸಿ ನೋಡಿದರು. ಪಟ್ಟಿ ಸಡಿಲವಾಗಿರಬಹುದು, ಬಿಚ್ಚಿ ಮೇಜಿನ ಮೇಲಿಡಿ ಎಂದರು. ಬಿಚ್ಚಿಟ್ಟ.

"ಇಟ್ಟಿರಾ?"

"ಇಟ್ಟೆ."

ಡಾಕ್ಟರು ಮತ್ತೆ ತಮ್ಮ ಪರದೆಯ ಕಡೆ ಬಾಗಿದರು. ಆಮೇಲೆ ಮೆಲ್ಲಗೆ, "ಇನ್ನೂ ಬರ್ತಾ ಉಂಟು," ಎಂದರು.

ಮುದ್ದುಕೃಷ್ಣ ಸೇಬಿನ ಪಕ್ಕದಲ್ಲಿ ಬಿದ್ದಿದ್ದ ಕರಿ ಪಟ್ಟಿಯನ್ನು ನೋಡಿದ. ಅವನ ನಾಡಿ ಅವನನ್ನು ಬಿಟ್ಟು ಮೇಜಿನ ಮೇಲೆ ಒಂಟಿಯಾಗಿ ಓಡುತ್ತಿತ್ತು. ಅಂದರೆ ತಾನಾಗಲೇ ಹೋಗಿಬಿಟ್ಟೆನೇ, ಜೀವ ಹೋಗುವಾಗ ಇಷ್ಟು ಸದ್ದಿಲ್ಲದೆ ಹೋಗುತ್ತದೆಯೇ ಎಂದು ಒಂದು ಗಳಿಗೆ ಅವನ ಬುದ್ಧಿ ಕಂಗೆಟ್ಟು ನಿಂತಿತು.

"ಮನೆಯಲ್ಲಿ ಮತ್ತೆ ಯಾರ ಕೈಯಲ್ಲಿ ಇಂಥದ್ದು ಉಂಟು?" ಎಂದು ಡಾಕ್ಟರು ಕೇಳಿದರು. "ನಿಮ್ಮ ಮಿಸೆಸ್ ಎಲ್ಲಿದ್ದಾರೆ?"

ಅಡುಗೆಮನೆಯಲ್ಲಿ ಜಾಲರಿ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

ಹತ್ತು ದಿನದಿಂದ ಕಾಲು ಕೆಳಗಿಡದ ಮನುಷ್ಯ ಹಾಲನ್ನು ಹೇಗೆ ದಾಟಿದನೋ ಅವನಿಗೇ ತಿಳಿಯದು. ಭಾನುಮತಿ ಅಕ್ಕಿ ಡಬ್ಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ತುಟಿ ಬೆಳ್ಳಗಾಗಿತ್ತು. ಸೀರೆಯ ಮೇಲೆ ಇಟ್ಟುಕೊಂಡ ಕೈ ನಿಲ್ಲದೆ ನಡುಗುತ್ತಿತ್ತು. ಗಂಡನನ್ನು ಕಂಡು ಅವಳು ಗಾಬರಿಯಾದಳು.

"ಯಾಕ್ರೀ ಎದ್ದು ಬಂದ್ರಿ? ಡಾಕ್ಟ್ರು ಏಳಬೇಡಿ ಅಂದಿಲ್ವಾ?"

ಮುದ್ದುಕೃಷ್ಣ ಒಲೆ ಆರಿಸಲು ಹೋದ. ಯಾವ ಗುಂಡಿ ಯಾವ ಬರ್ನರಿನದೆಂದು ಗೊತ್ತಿಲ್ಲದೆ ನಾಲ್ಕನ್ನೂ ತಿರುಗಿಸಿ ಆರಿದ್ದ ಇನ್ನೊಂದನ್ನು ಹೊತ್ತಿಸಿದ. ಅವಳು ಕೂತಲ್ಲಿಂದಲೇ ಎಡಗಡೆಯದು, ಅದಲ್ಲ, ಅದರ ಪಕ್ಕದ್ದು ಎಂದು ಹೇಳಿಕೊಟ್ಟಳು. ಅಷ್ಟು ಹೇಳುವುದರಲ್ಲಿ ಅವಳಿಗೆ ಉಸಿರು ಕಟ್ಟಿತು. ಅವನು ಬಾಗಿಲು ತೆಗೆದು ಫಾಹಿಮಾಳನ್ನು ಕರೆದ ಕೂಗು ನೆಲಮಹಡಿಯ ಬಕಾಲದ, ಅಂದರೆ ದಿನಸಿ ಅಂಗಡಿಯವನಿಗೂ ಕೇಳಿಸಿತು. ಸುಲೈಮಾನ್ 999ಕ್ಕೆ ಫೋನ್ ಮಾಡಿ, ಆಂಬುಲೆನ್ಸಿಗೆ ದಾರಿ ತೋರಿಸಲು ಬೀದಿಗೆ ಓಡಿದ. ಫಾಹಿಮಾ ಒಳಗೋಡಿ ಭಾನುಮತಿಯ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

ಆಂಬುಲೆನ್ಸೂ ಬಳಗದವರೂ ಒಟ್ಟಿಗೇ ಬಂದರು. ಮುಂದೆ ಸ್ಟ್ರೆಚರು, ಹಿಂದೆ ಮೈಸೂರು ಪೇಟ ಹಿಡಿದ ಯತಿರಾಜ, ಅವನ ಹಿಂದೆ ಹಾರ ಹಿಡಿದ ಬಳಗದ ಹುಡುಗ ಸಂತೋಷ್. ಆಂಬುಲೆನ್ಸಿನವರು ಬಾಗಿಲಲ್ಲಿ ರೋಗಿ ಎಲ್ಲಿ ಎಂದು ಕೇಳಿದರು. ಯತಿರಾಜ ಅಧ್ಯಕ್ಷನ ಗತ್ತಿನಲ್ಲಿ ಮುಂದೆ ಬಂದು ಮುದ್ದುಕೃಷ್ಣನನ್ನು ತೋರಿಸಿದ. ಅವರಿಗೂ ಸಂಶಯ ಬರಲಿಲ್ಲ. ಬನಿಯನ್ನು ಬೆವರಿನಲ್ಲಿ ನೆನೆದಿತ್ತು, ಶಾಲು ಅರ್ಧ ಜಾರಿತ್ತು, ಬಾಯಿಂದ ಮಾತು ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಅರಬ್ ದೇಶದಲ್ಲಿ ಸಂಪಾದಿಸಿದ ಅಷ್ಟೂ ಭಾಷೆಗಳು ಆ ಗಳಿಗೆಯಲ್ಲಿ ಅವನನ್ನು ಬಿಟ್ಟುಹೋಗಿದ್ದವು. ಅವನು ಕೈಬಾಯಿ ತಿರುಗಿಸುತ್ತಿರುವಂತೆಯೇ ಇಬ್ಬರು ಗಟ್ಟಿಮುಟ್ಟಾದ ಆಳುಗಳು ಅವನನ್ನು ಎತ್ತಿ ಮಲಗಿಸಿ, ಎದೆಗೆ ಬೆಲ್ಟು ಬಿಗಿದು, ಮುಖಕ್ಕೆ ಆಮ್ಲಜನಕದ ಬಟ್ಟಲು ಹಾಕಿದರು. ನಾನಲ್ಲ, ನಾನಲ್ಲ ಎಂದು ಅವನು ಅದರೊಳಗೆ ಕೂಗಿದ್ದು ನರಳಿದಂತೆ ಕೇಳಿಸಿತು. ಸಂತೋಷ್ ಕಣ್ಣೊರೆಸಿಕೊಂಡ.

ಅಡುಗೆಮನೆಯಿಂದ ಭಾನುಮತಿಯ ಸಣ್ಣ ದನಿ ಬಂತು. "ನಿಧಾನಕ್ಕೆ ಇಳಿಸಿ, ಅವರಿಗೆ ಹಾರ್ಟು."

ಸ್ಟ್ರೆಚರು ಹೊಸ್ತಿಲು ದಾಟುವ ಹೊತ್ತಿಗೆ ಫಾಹಿಮಾ ಹೊರಗೆ ಬಂದಳು. ದೃಶ್ಯ ನೋಡಿ ದಂಗಾದಳು. ಸ್ಟ್ರೆಚರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, "ಇವರು ಮಾಫಿ, ಇವರಲ್ಲ. ಇವರು ಖಾಲಿ ಮಲಗುವುದು ಮಾತ್ರ. ಒಳಗೆ, ಮದಾಮ್, ಮದಾಮ್," ಎಂದಳು.

ಆಸ್ಪತ್ರೆಯಲ್ಲಿ ಭಾನುಮತಿಯ ಎದೆಗೆ ತಂತಿ ಹಚ್ಚಿದ ಕೂಡಲೇ ಕಾಗದದ ಮೇಲೆ ಗೆರೆ ದಿಕ್ಕೆಟ್ಟು ಕುಣಿಯಿತು. ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಕೆಲಸ ಮಾಡಿ ಹೃದಯವನ್ನು ಅಟ್ಟಾಡಿಸುತ್ತಿತ್ತು. ಔಷಧಿಯಿಂದ ಹದಕ್ಕೆ ಬರುತ್ತದೆ, ಆದರೆ ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಅಪಾಯವಿತ್ತು ಎಂದು ಅಲ್ಲಿನ ಡಾಕ್ಟರು ಮುದ್ದುಕೃಷ್ಣನಿಗೆ ತಿಳಿಸಿದರು. ಡಾಕ್ಟರು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಎಷ್ಟು ದಿನದಿಂದ ಏದುಸಿರು? ತೂಕ ಯಾವಾಗಿನಿಂದ ಇಳಿಯುತ್ತಿದೆ? ನಿದ್ರೆ ಹೇಗೆ? ಊಟ ಸೇರುತ್ತದೆಯೇ? ಮುದ್ದುಕೃಷ್ಣ ಪ್ರತಿ ಪ್ರಶ್ನೆಗೂ ಬಾಯಿ ತೆರೆದ. ಪ್ರತಿ ಸಲವೂ ಉತ್ತರ ಹೇಳಿದ್ದು ಹಿಂದೆ ನಿಂತಿದ್ದ ಫಾಹಿಮಾ.

ಮಂಚದ ಬಳಿ ಇಬ್ಬರೇ ಉಳಿದಾಗ ಅವನು ಕೇಳಿದ. "ಒಂದು ಮಾತು ನನ್ನ ಹತ್ರ ಹೇಳೋದಲ್ವಾ ಭಾನು?"

"ಹೇಳಿದ್ದೆ," ಎಂದಳು ಭಾನುಮತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸ ಮಾತ್ರ ಇತ್ತು. "ಎದೆ ಹೊಡ್ಕೊಳತ್ತೆ ಅಂದೆ. ನೀವು ಫೋನ್ ನೋಡಿ, ನಿಂಗೇನೂ ಇಲ್ಲ ಅಂದ್ರಿ. ನಾನೂ ಇಲ್ಲವೇನೋ ಅಂದ್ಕೊಂಡೆ."

ಅವನು ಎದ್ದು ಹೋಗಿ ಕಿಟಕಿಯ ಪರದೆ ಸರಿಮಾಡಿದ. ಅದು ಮೊದಲೇ ಸರಿಯಾಗಿತ್ತು.

ಡಾಕ್ಟರ್ ಅನಿಶಾ ಮರುದಿನ ತಾವೇ ಬಂದು ನೋಡಿಕೊಂಡು ಹೋದರು. ಎದೆಗೆ ಯಂತ್ರ ಅಂಟಿಸಿಕೊಳ್ಳಲು ನೀವು ಅಂದೇ ಬಂದಿದ್ದರೆ ಪಟ್ಟಿಗಳು ಅದಲುಬದಲಾದದ್ದು ಆಗಲೇ ಗೊತ್ತಾಗುತ್ತಿತ್ತು ಎಂದು ಅವರು ಹೇಳಿದ್ದು ಮುದ್ದುಕೃಷ್ಣನಿಗೆ ಬಹಳ ದಿನ ಚುಚ್ಚಿತು. ಆಡಿಟ್ ಇರಲಿಲ್ಲವೆಂದು ಅವನು ಅವರ ಮುಂದೆ ಒಪ್ಪಿಕೊಂಡ.

ವಾರದ ಮೇಲೆ ಭಾನುಮತಿ ಮನೆಗೆ ಬಂದಳು. ಸುಲೈಮಾನ್ ಮತ್ತು ಮುದ್ದುಕೃಷ್ಣ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತು ತಂದರು. ಹೃದಯರೋಗಿಯೆಂದು ಸನ್ಮಾನದ ಹಾರ ತರಿಸಿಕೊಂಡವನು ಅರ್ಧ ಭಾರ ಹೊತ್ತು ಏರುವುದನ್ನು ಪ್ರತಿ ಮಹಡಿಯವರೂ ಬಾಗಿಲು ತೆರೆದು ನೋಡಿದರು. ಅವನಿಗೆ ರಜೆ ಇನ್ನೂ ಉಳಿದಿತ್ತು. ಮೊದಲ ದಿನದ ಅನ್ನ ತಳ ಹಿಡಿಯಿತು, ಎರಡನೆಯ ದಿನದ್ದು ಬೇಯಲೇ ಇಲ್ಲ. ಈಗ ಭಾನುಮತಿಯನ್ನು ನೋಡಲು ಬಂದದ್ದು ನಾಲ್ಕೇ ಜನ. ಬಂದವರಲ್ಲಿ ಇಬ್ಬರು, ಹಾಗಾದರೆ ಅಡುಗೆ ಯಾರದ್ದು ಎಂದು ಕೇಳಿ ಬೇಗನೆ ಎದ್ದರು.

ಆ ಮಧ್ಯಾಹ್ನ ನಂಜನಗೂಡಿನ ಅಕ್ಕ ಫೋನ್ ಮಾಡಿದಳು. ಜಪ ಮುಗಿದಿತ್ತು, ಪ್ರಸಾದ ಕಳಿಸಲು ಯಾರಾದರೂ ಬರುವವರಿದ್ದಾರೆಯೇ ಎಂದು ವಿಚಾರಿಸಿದಳು. ಮುದ್ದುಕೃಷ್ಣ ಕಾಯಿಲೆ ತನಗಲ್ಲ, ಭಾನುವಿಗೆ ಎಂದ. ಅಕ್ಕ ಉಸ್ಸೆಂದು ನಿಟ್ಟುಸಿರುಬಿಟ್ಟು, ಸದ್ಯ ನಂಜುಂಡ ಕಾಪಾಡಿದ ಎಂದಳು. ಚಿಕ್ಕಂದಿನಿಂದ ಅಕ್ಕನಿಗೆ ಎದುರಾಡಿದವನಲ್ಲ ಅವನು. ಆದರೂ, ಇನ್ನೊಂದು ಜಪ ಅವಳ ಹೆಸರಿನಲ್ಲಿ ಆಗಬೇಕು, ಇವತ್ತೇ ಕೂರಿಸು ಎಂದ. ಅಕ್ಕ, ಪುರೋಹಿತರು ಇನ್ನೂ ಇಲ್ಲೇ ಊಟಕ್ಕೆ ಕೂತಿದ್ದಾರೆ, ಸಂಕಲ್ಪಕ್ಕೆ ಅವಳ ನಕ್ಷತ್ರ ಹೇಳು ಎಂದಳು.

ಮುದ್ದುಕೃಷ್ಣನಿಗೆ ನಕ್ಷತ್ರ ಗೊತ್ತಿರಲಿಲ್ಲ. ಫೋನಿಗೆ ಅಂಗೈ ಮುಚ್ಚಿ ಕೋಣೆಗೆ ಹೋದ. ಭಾನುಮತಿ ಗೋಡೆಯ ಕಡೆ ಮುಖ ಮಾಡಿ ನಿದ್ರೆ ಹೋಗಿದ್ದಳು. ಹಾಡುಹಗಲಿನಲ್ಲಿ ಅವಳು ಮಲಗಿದ್ದನ್ನು ಅವನು ನೋಡಿದ್ದೇ ಇಲ್ಲ. ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು. ಅವನು ಬಾಗಿಲಲ್ಲೇ ನಿಂತ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವನ ಜೀವ ಹೋಗಿ ಬರುತ್ತಿತ್ತು.

"ಮಲಗಿದ್ದಾಳೆ ಅಕ್ಕ," ಎಂದ ಪಿಸುದನಿಯಲ್ಲಿ.

"ಎಬ್ಬಿಸಿ ಕೇಳೋ. ಒಂದು ನಿಮಿಷದ ಮಾತು. ಪುರೋಹಿತ್ರು ಕಾಯ್ತಿದ್ದಾರೆ."

"ಕಾಯ್ಲಿ," ಎಂದ ಮುದ್ದುಕೃಷ್ಣ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರು ಬುಸುಗುಟ್ಟಿ ಸೀಟಿ ಹಾಕಲು ಸಿದ್ಧವಾಯಿತು. ಅವನು ಫೋನನ್ನು ಅಲ್ಲೇ ಬಿಟ್ಟು, ಚಪ್ಪಲಿ ಸದ್ದಾಗಬಾರದೆಂದು ಬರಿಗಾಲಿನಲ್ಲಿ ಒಲೆ ಆರಿಸಲು ಓಡಿದ.